ಸೋಮವಾರ ದರ್ಶನವಿಲ್ಲ

ಬೇ ಏರಿಯಾದ ದೀಪಾವಳಿ ಪಾಟ್‌ಲಕ್ಕುಗಳಲ್ಲಿ ಊಟಕ್ಕಿಂತ ಮೊದಲು ಬಡಿಸುವುದು ವೆಕೇಷನ್ನಿನ ಸುದ್ದಿ. ಒಬ್ಬರು ಹವಾಯಿಯಿಂದ ಬಂದಿರುತ್ತಾರೆ, ಇನ್ನೊಬ್ಬರು ಅಲಾಸ್ಕಾ ಕ್ರೂಸಿನ ಫೋಟೋ ತೋರಿಸುತ್ತಿರುತ್ತಾರೆ. ಒಂದು ವರ್ಷ ಮಾತು ಹಾಗೇ ಸುತ್ತಿ ಬಂದು ನಮ್ಮಮ್ಮನ ಹತ್ತಿರ ನಿಂತಿತು. "ಆಂಟಿ, ನೀವೆಲ್ಲಿಗೆ ಹೋಗಿದ್ರಿ ಈ ಸಲ?" ಎಂದು ಯಾರೋ ಕೇಳಿದರು. ಅಮ್ಮ ಬಿಸಿಬೇಳೆಬಾತಿನ ಮೇಲೆ ಖಾರಾ ಬೂಂದಿ ಉದುರಿಸಿಕೊಳ್ಳುತ್ತಾ, "ಹೆಣ ನೋಡೋಕೆ ಹೋಗಿದ್ವಮ್ಮ" ಅಂದಳು. ಇಡೀ ಫ್ಯಾಮಿಲಿ ರೂಮು ತಣ್ಣಗಾಯಿತು. ಅಮ್ಮ ಒಂದು ತುತ್ತು ಬಾಯಿಗಿಟ್ಟುಕೊಂಡು, "ಹೋದ ವರ್ಷಾನೂ ಒಂದು ನೋಡಿದ್ವಿ. ಇನ್ನೊಂದು ಬಾಕಿ ಇದೆ" ಎಂದು ಸೇರಿಸಿದಳು.

ಇಂಥವೆಲ್ಲ ಬೇರೆ ಮನೆಗಳಲ್ಲಿ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಅಪ್ಪ ಅಮ್ಮ ಇಬ್ಬರೂ ಒಟ್ಟಿಗೆ ಇದ್ದ ಕಡೆ ಮಾತ್ರ ಆಗದೆ ಬಿಟ್ಟಿದ್ದೇ ಇಲ್ಲ.

ಅಪ್ಪ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು. ಅದಕ್ಕಿಂತ ಹೆಚ್ಚಾಗಿ ಯೂನಿಯನ್ ಆಗಿದ್ದರು. ಪಕ್ಷದ ಕಾರ್ಡು ಎಂದೂ ಮಾಡಿಸಲಿಲ್ಲ, ಆದರೆ ಮೀಟಿಂಗು ಅಂದರೆ ಜ್ವರ ಇದ್ದರೂ ಎದ್ದು ಹೋಗುತ್ತಿದ್ದರು. ರಾಜಾಜಿನಗರದ ನಮ್ಮ ಮನೆಯ ಹಾಲಿನಲ್ಲಿ, ಬೇರೆಯವರು ತಿರುಪತಿ ಕ್ಯಾಲೆಂಡರು ಹಾಕುವ ಜಾಗದಲ್ಲಿ, ಮೂವರು ನಾಯಕರ ಫೋಟೋ ಇತ್ತು. ಒಬ್ಬರು ಮಾಸ್ಕೋದವರು, ಒಬ್ಬರು ಬೀಜಿಂಗ್‌ನವರು, ಇನ್ನೊಬ್ಬರು ಹನೋಯ್‌ನವರು. ಒಳಗಿನ ಗೂಡಿನಲ್ಲಿ ಅಮ್ಮನ ದೇವರುಗಳಿದ್ದವು. ನಾನು ಪರೀಕ್ಷೆಗೆ ಹೊರಡುವಾಗ ಒಳಗೂ ಕೈ ಮುಗಿದು, ಹೊರಗೂ ಕೈ ಮುಗಿದು ಹೋಗುತ್ತಿದ್ದೆ. ಯಾರಿಂದ ಪಾಸಾದೆನೋ ಇವತ್ತಿಗೂ ಗೊತ್ತಿಲ್ಲ.

ಸತ್ತವರ ಹೆಸರು ಹಿಡಿದು ಪದೇ ಪದೇ ಕರೆಯಬಾರದು ಎನ್ನುವುದು ಅಮ್ಮನ ಕಾನೂನು. ಅದಕ್ಕೇ ನಮ್ಮ ಮನೆಯಲ್ಲಿ ಆ ಮೂವರಿಗೂ ಊರಿನ ಹೆಸರೇ ಗಟ್ಟಿ, ಬೀಗರ ಹಾಗೆ.

ಕಾರ್ಖಾನೆಯಿಂದ ಒಮ್ಮೆ ಮಾಸ್ಕೋಗೆ ಕೆಲವರನ್ನು ಕಳಿಸುವುದೆಂದಾಯಿತು. ಅಪ್ಪನ ಹೆಸರೂ ಇತ್ತು. ಅದೇ ತಿಂಗಳು ಹುಟ್ಟಬೇಕೆಂದು ನನಗೆ ಮನಸ್ಸಾಯಿತು. ಅಪ್ಪನ ಬದಲು ಪಕ್ಕದ ಲೇತ್ ಮೆಷೀನಿನವರು ಹೋದರು. ಅಲ್ಲಿ ಕೆಡದ ಹಾಗೆ ಗಾಜಿನ ಪೆಟ್ಟಿಗೆಯಲ್ಲಿಟ್ಟ ನಾಯಕರನ್ನು ನೋಡಿ ಬಂದವರು ಸುಮ್ಮನಿದ್ದರೇ? "ಮಲಗಿದಂಗೇ ಇದಾರಪ್ಪ, ಅಲ್ಲಾಡಿಸಿದ್ರೆ ಎದ್ದು ಕೂತ್ಕೋತಾರೆ" ಎಂದು ರಿಟೈರ್ ಆಗುವ ತನಕ ಟೀ ಬಿಡುವಿನಲ್ಲಿ ಹೇಳಿಯೇ ಹೇಳಿದರು. ಅಪ್ಪ ನನ್ನನ್ನು ಒಂದು ದಿನವೂ ದೂರಲಿಲ್ಲ. ಆದರೆ ನನ್ನ ಪ್ರತಿ ಹುಟ್ಟುಹಬ್ಬಕ್ಕೂ ಪಾಯಸ ತಿನ್ನುತ್ತಾ, "ಮಾಸ್ಕೋದಲ್ಲಿ ಈಗ ಚಳಿ ಶುರುವಾಗಿರುತ್ತೆ" ಅನ್ನುತ್ತಿದ್ದರು.

ಅಪ್ಪ ಅಮ್ಮ ನಮ್ಮ ಜೊತೆ ಇರಲು ಬೇ ಏರಿಯಾದ ಸ್ಯಾನ್ ರಮೋನಿಗೆ ಬಂದ ಮೇಲೆ ಒಂದು ದಿನ ಕಾರ್ಡಿಯಾಲಜಿಸ್ಟು ಅಪ್ಪನ ಎದೆ ನೋಡಿ ಮುಖ ಸಣ್ಣದು ಮಾಡಿದರು. ವಾಪಸು ಬರುವಾಗ ಫ್ರೀವೇ ಮೇಲೆ ಅಪ್ಪ ಮೆಲ್ಲಗೆ ಬಾಯಿ ಬಿಟ್ಟರು. "ಮೂರು ಜನಾನೂ ಒಂದೊಂದು ಸಲ ಕಣ್ತುಂಬ ನೋಡ್ಬಿಟ್ರೆ ಆಗಿತ್ತು ಕಣಮ್ಮ." ಹಿಂದಿನ ಸೀಟಿನಿಂದ ಅಮ್ಮ, "ನೋಡಿ, ಯಾರು ಬೇಡ ಅಂದ್ರು. ಆದ್ರೆ ನಾನೂ ಬರ್ತೀನಿ. ಹೆಣ ನೋಡೋಕೆ ಹೋದವರನ್ನ ವಾಪಸ್ ಕರ್ಕೊಂಡು ಬರೋಕೆ ಒಬ್ರು ಬೇಕಲ್ಲ" ಅಂದಳು. ಅಪ್ಪನಿಗೆ ನೋಡುವ ಆಸೆ, ಅಮ್ಮನಿಗೆ ಕರೆದುಕೊಂಡು ಬರುವ ಚಿಂತೆ. ನಮ್ಮ ಪ್ರವಾಸಗಳೆಲ್ಲ ನಡೆದದ್ದು ಈ ಎರಡರ ನಡುವೆ.

ಮಾಸ್ಕೋದವರು

ಆಗ ಮಾಸ್ಕೋಗೆ ಹೋಗುವುದು ಈಗಿನಷ್ಟು ತಾಪತ್ರಯವಾಗಿರಲಿಲ್ಲ. ಭಾನುವಾರ ಇಳಿದೆವು. ಸೋಮವಾರ ಬೆಳಿಗ್ಗೆ ಅಪ್ಪ ಎಲ್ಲರಿಗಿಂತ ಮೊದಲು ಎದ್ದು, ನುಣ್ಣಗೆ ಶೇವ್ ಮಾಡಿಕೊಂಡು, ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಶರಟು ತೊಟ್ಟು ನಿಂತಿದ್ದರು. ಅವರನ್ನು ಇಟ್ಟಿರುವ ಚೌಕಕ್ಕೆ ಹೋದರೆ ಕ್ಯೂ ಇಲ್ಲ. ಒಂದು ನರಪಿಳ್ಳೆಯೂ ಇಲ್ಲ. ಅಪ್ಪನಿಗೆ ಖುಷಿಯೋ ಖುಷಿ. "ನೋಡಿದ್ಯಾ, ಬೇಗ ಬಂದಿದ್ದಕ್ಕೆ ನಾವೇ ಫಸ್ಟು!"

ಫಸ್ಟಾಗಿ ಬಹಳ ಹೊತ್ತು ನಿಂತೆವು. ಕೊನೆಗೆ ಅಲ್ಲಿದ್ದ ಕಾವಲಿನವನಿಗೇ ನಮ್ಮನ್ನು ನೋಡಿ ಪಾಪ ಅನ್ನಿಸಿರಬೇಕು. ಹತ್ತಿರ ಬಂದು, ತನಗೆ ಗೊತ್ತಿದ್ದ ಒಂದೇ ಇಂಗ್ಲಿಷ್ ಪದ ಹೇಳಿದ: "ಮಂಡೇ."

ಅಮ್ಮನಿಗೆ ಅರ್ಥವಾಗಲಿಲ್ಲ. "ವಾರದ ರಜ ಅಂತೆ" ಎಂದೆ. ಅಮ್ಮ ಆ ಕೆಂಪು ಕಲ್ಲಿನ ಕಟ್ಟಡವನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ಮೂರಲ್ಲಿ ಕಟಿಂಗ್ ಶಾಪಿಗೆ ಮಂಗಳವಾರ ರಜ, ಇವರಿಗೆ ಸೋಮವಾರ. ಸತ್ತು ಮಲಗಿದ ಮೇಲೂ ವಾರದ ರಜ ತಪ್ಪಿಲ್ಲ ಅಂದ್ರೆ, ನಿಮ್ಮ ಯೂನಿಯನ್ನು ಗಟ್ಟಿ ಬಿಡಿ" ಅಂದಳು. ಅಪ್ಪ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು.

ಮಂಗಳವಾರ ಮತ್ತೆ ಹೋದೆವು. ಈ ಸಲ ಉದ್ದನೆಯ ಕ್ಯೂ ಇತ್ತು, ಚಳಿಯೂ ಇತ್ತು. ಅಮ್ಮ ಅಪ್ಪನಿಗೆ ಮಂಕಿ ಕ್ಯಾಪು ತೊಡಿಸಿದ್ದಳು. ಕತ್ತಿನ ತನಕ ಇಳಿಯುವ, ಕಾಫಿ ಬಣ್ಣದ, ಮೂಗು ಕಣ್ಣು ಮಾತ್ರ ಹೊರಗೆ ಕಾಣುವ ಅಪ್ಪಟ ಮಂಕಿ ಕ್ಯಾಪು. ಒಳಗೆ ಮೆಟ್ಟಿಲು ಇಳಿಯುತ್ತಿದ್ದಂತೆ ಕತ್ತಲು, ನುಣುಪು ಕಲ್ಲು, ಸಿಪಾಯಿಗಳು. ಒಬ್ಬ ಸಿಪಾಯಿ ಅಪ್ಪನ ತಲೆಯ ಕಡೆ ಬೆರಳು ತೋರಿಸಿದ. ಅಲ್ಲಿ ಗಂಡಸರು ಟೋಪಿ ತೆಗೆಯಬೇಕು.

"ತೆಗೀಬೇಡ್ರಿ, ಕಿವಿಗೆ ಶೀತ ಹೊಡೆಯುತ್ತೆ" ಎಂದು ಅಮ್ಮ ಪಿಸುಗುಟ್ಟಿದಳು.

ಸಿಪಾಯಿ ಮತ್ತೆ ಬೆರಳು ತೋರಿಸಿದ. ಅಮ್ಮ ಅವನ ಕಡೆ ತಿರುಗಿ ಅಚ್ಚ ಕನ್ನಡದಲ್ಲಿ, "ಅವರಿಗೆ ಆಗಲ್ಲಪ್ಪ, ಹಾರ್ಟ್ ಪೇಷಂಟು" ಅಂದಳು. ಅವನು ತುಟಿಯ ಮೇಲೆ ಬೆರಳಿಟ್ಟ. ಇತ್ತ ಕಡೆ ಮದುವೆಯಾದಾಗಿನಿಂದ ಆಳಿದ ಸರಕಾರ, ಅತ್ತ ಕಡೆ ಜೀವಮಾನವೆಲ್ಲ ನಂಬಿದ ಸರಕಾರ. ಅಪ್ಪ ನಡುವೆ ನಿಂತು ಬೆವತರು. ಕೊನೆಗೆ ಕಣ್ಣು ಮುಚ್ಚಿಕೊಂಡು ಟೋಪಿಯನ್ನು ಮೇಲಕ್ಕೆ ಕಿತ್ತರು. ಟೋಪಿಯ ಜೊತೆ ಕನ್ನಡಕವೂ ಕಿತ್ತುಕೊಂಡು ಅದರೊಳಗೆ ಸೇರಿಹೋಯಿತು.

ಅಲ್ಲಿ ನಿಲ್ಲುವ ಹಾಗಿಲ್ಲ. ಗಾಜಿನ ಪೆಟ್ಟಿಗೆಯ ಮೂರು ಬದಿ ಸುತ್ತಿ ನಡೆಯುತ್ತಲೇ ಹೊರಗೆ ಹೋಗಬೇಕು. ಅಪ್ಪ ನಡೆಯುತ್ತಾ ನಡೆಯುತ್ತಾ ಟೋಪಿಯೊಳಗೆ ಕೈಯಾಡಿಸಿ ಕನ್ನಡಕ ಹುಡುಕಿದರು. ಸಿಕ್ಕಿದಾಗ ಬಾಗಿಲಿನ ಹತ್ತಿರ ಇದ್ದೆವು. ಒಂದು ಜನ್ಮ ಕಾದು ಬಂದವರಿಗೆ ಕಂಡಿದ್ದು ಹಳದಿ ಬೆಳಕು ಮಾತ್ರ. ಅಪ್ಪ ಬಾಗಿಲಲ್ಲಿ ಹಿಂತಿರುಗಿ, ಟೋಪಿ ಹಿಡಿದ ಮುಷ್ಟಿಯನ್ನೇ ಎತ್ತಿ, ಗಟ್ಟಿಯಾಗಿ ಹೇಳಿದರು: "ಬರ್ತೀನಿ, ಕಾಮ್ರೇಡ್."

ಹೊರಗೆ ಬಂದದ್ದೇ ಅಮ್ಮ ಶುರು ಮಾಡಿದಳು. "ಸಾವಿನ ಮನೆಯಿಂದ ಹೊರಡುವಾಗ ಯಾರಾದ್ರೂ ಬರ್ತೀನಿ ಅಂತಾರೇನ್ರೀ? ಸುಮ್ನೆ ಎದ್ದು ಬರಬೇಕು!"

"ಅದು ಸಾವಿನ ಮನೆ ಅಲ್ಲ ಕಣೇ, ಸ್ಮಾರಕ."

"ಒಳಗೆ ಹೆಣ ಇದೆಯೋ ಇಲ್ವೋ?"

"ಇದೆ."

"ಮತ್ತೆ?"

ಅಪ್ಪ ಕನ್ನಡಕ ಸರಿ ಮಾಡಿಕೊಂಡರು. "ಕಾಣಿಸಲೇ ಇಲ್ಲ ಕಣೇ. ಅದಕ್ಕೇ ಮತ್ತೆ ಬರ್ತೀನಿ ಅಂದೆ" ಎಂದು ಕ್ಯೂ ಕಡೆಗೆ ಓಡಿದರು. ಅಷ್ಟರಲ್ಲಿ ಆ ದಿನದ ಬಾಗಿಲು ಮುಚ್ಚಿತ್ತು. ನಮ್ಮ ವಿಮಾನ ಮರುದಿನ ಬೆಳಿಗ್ಗೆ. ಅಪ್ಪ ಅಲ್ಲೇ ನಿಂತು ಟೋಪಿಯನ್ನೇ ನೋಡುತ್ತಿದ್ದರು. ಹೋಟೆಲಿನಲ್ಲಿ ಅಮ್ಮ ಎಲ್ಲರಿಗೂ ತಲೆಗೆ ಸ್ನಾನ ಮಾಡಿಸಿದಳು. ಅಪ್ಪ ಒದ್ದೆ ತಲೆಯಲ್ಲಿ ಬಂದು ಕೂತಾಗ ಟವೆಲ್ಲಿನಿಂದ ಒರೆಸುತ್ತಾ, "ದೇವಸ್ಥಾನಕ್ಕೆ ಕರೆದ್ರೆ ಮಂಡಿ ನೋವು ಅಂತೀರ. ಇಲ್ಲಿ ಮುಕ್ಕಾಲು ಪ್ರದಕ್ಷಿಣೆ ಹಾಕಿದ್ರಲ್ಲ, ಪೂರ್ತಿ ಮಾಡಿಬಿಡಬೇಕಾಗಿತ್ತು" ಅಂದಳು.

ಬೀಜಿಂಗ್‌ನವರು

ಮೆನ್ಲೋ ಪಾರ್ಕಿನ ನನ್ನ ಆಫೀಸಿನಲ್ಲಿ ಪಕ್ಕದ ಸೀಟಿನವಳು ಬೀಜಿಂಗಿನವಳು. ನಮ್ಮ ಮುಂದಿನ ಪ್ರವಾಸದ ವಿಷಯ ಹೇಳಿದಾಗ ಅವಳು ಹೋಗಿ ಕಾಫಿ ತಂದುಕೊಂಡು ಬಂದು, ನೆಮ್ಮದಿಯಾಗಿ ಕೂತು, "ಇನ್ನೊಂದು ಸಲ ಹೇಳು" ಅಂದಳು. ಅವಳನ್ನು ಸ್ಕೂಲಿನಿಂದ ಸಾಲಾಗಿ ಕರೆದುಕೊಂಡು ಹೋಗಿದ್ದರಂತೆ. ಹೊಸ ಷೂ ಕಚ್ಚಿದ್ದು ಬಿಟ್ಟರೆ ಅವಳಿಗೆ ಬೇರೇನೂ ನೆನಪಿಲ್ಲ. ಅವಳು ಹೇಳಿಕೊಟ್ಟದ್ದು ಒಂದೇ: "ಸೋಮವಾರ ಹೋಗಬೇಡಿ." ಅಮ್ಮನಿಗೆ ಹೇಳಿದೆ. "ಅಲ್ಲೂ ಸೋಮವಾರವೇನಾ? ಎಲ್ಲ ಮಾತಾಡ್ಕೊಂಡಿದಾರೆ" ಅಂದಳು.

ಈ ಸಲ ಅಪ್ಪ ಕನ್ನಡಕಕ್ಕೆ ದಾರ ಕಟ್ಟಿ ಕತ್ತಿಗೆ ಹಾಕಿಕೊಂಡಿದ್ದರು. ಬ್ಯಾಗುಗಳನ್ನೆಲ್ಲ ರಸ್ತೆಯ ಆಚೆ ಇಟ್ಟು, ಕ್ಯೂನಲ್ಲಿ ಹೆಜ್ಜೆ ಹೆಜ್ಜೆಯಾಗಿ ಮುಂದಕ್ಕೆ ಹೋದೆವು. ಬಾಗಿಲ ಹತ್ತಿರ ಸೇವಂತಿಗೆ ಮಾರುತ್ತಿದ್ದರು. ಅಪ್ಪ ಒಂದು ಹೂವು ಕೊಂಡು ಅಮ್ಮನ ಕೈಗೆ ಕೊಟ್ಟರು. ಒಳಗೆ ಮೊದಲು ಒಂದು ದೊಡ್ಡ ಹಾಲು. ಅದರಲ್ಲಿ ಕುರ್ಚಿಯ ಮೇಲೆ ಕೂತ ಬಿಳಿ ಕಲ್ಲಿನ ಮೂರ್ತಿ. ಮುಂದೆ ಸೇವಂತಿಗೆಯ ರಾಶಿ.

ಅಮ್ಮನಿಗೆ ಎಷ್ಟು ಸಮಾಧಾನವಾಯಿತೆಂದರೆ ನನ್ನ ಕೈ ಹಿಡಿದು ಒತ್ತಿದಳು. "ಇದು ವಾಸಿ ಕಣೇ. ಹೆಣ ಗಿಣ ಇಲ್ಲ, ವಿಗ್ರಹ ಇಟ್ಟಿದಾರೆ." ಅವಳು ತಿಳಿದುಕೊಂಡಿದ್ದು ಇಷ್ಟೇ ದರ್ಶನ ಎಂದು. ಭಕ್ತಿಯಿಂದ ಮುಂದೆ ಹೋದಳು, ಹೂವಿಟ್ಟಳು, ಕೈ ಮುಗಿದಳು. ಆಮೇಲೆ ಹುಟ್ಟಿದಾಗಿನಿಂದ ಮಾಡಿದ ಅಭ್ಯಾಸದಂತೆ, ರಾಶಿಯಿಂದ ಒಂದು ಸೇವಂತಿಗೆಯನ್ನು ಪ್ರಸಾದವಾಗಿ ಎತ್ತಿಕೊಂಡು, ಕಣ್ಣಿಗೊತ್ತಿಕೊಂಡು, ತುರುಬಿಗೆ ಸಿಕ್ಕಿಸಿಕೊಂಡಳು.

ನಮ್ಮ ಹಿಂದೆ ಯಾವುದೋ ದೂರದ ಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬಂದ ಹೆಂಗಸರ ಗುಂಪಿತ್ತು. ಎಲ್ಲರೂ ಅಮ್ಮನ ವಯಸ್ಸಿನವರು, ಎಲ್ಲರಿಗೂ ಒಂದೇ ಬಣ್ಣದ ಟೋಪಿ. ಅವರು ಅಮ್ಮನನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲನೆಯವಳು ಹೂವಿಟ್ಟಳು, ಒಂದು ಹೂವು ಎತ್ತಿಕೊಂಡಳು, ಟೋಪಿಗೆ ಸಿಕ್ಕಿಸಿಕೊಂಡಳು. ಎರಡನೆಯವಳೂ ಹಾಗೇ ಮಾಡಿದಳು. ಗಾರ್ಡು ಓಡಿ ಬರುವಷ್ಟರಲ್ಲಿ ಒಂದು ಇಡೀ ಬಸ್ಸೇ ಮುಡಿದುಕೊಂಡು ನಿಂತಿತ್ತು. ಅವನು ಯಾರನ್ನು ಬೈಯಬೇಕೆಂದು ತಿಳಿಯದೆ ಎಲ್ಲರನ್ನೂ ಮುಂದಕ್ಕೆ ತಳ್ಳಿದ.

ಮುಂದೆ ಇದ್ದದ್ದು ಒಳಗಿನ ಕೋಣೆ. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ, ಕೆಂಪು ಬಾವುಟ ಹೊದ್ದು, ನಿಜವಾದವರು ಮಲಗಿದ್ದರು.

ಅಮ್ಮನ ಕೈ ತುರುಬಿಗೆ ಹೋಯಿತು. ಹೆಣದ ಮೇಲಿನ ಹೂವು! ಎಸೆಯೋಣವೆಂದರೆ ಎಲ್ಲಿ ಎಸೆಯುವುದು? ಎದುರಿಗೆ ಗಾರ್ಡು ಅವಳನ್ನೇ ನೋಡುತ್ತಿದ್ದಾನೆ. ಕೈ ಇಳಿಸು ಎಂದು ಸನ್ನೆ ಬೇರೆ ಮಾಡಿದ. ಅಮ್ಮ ಹಾಗೇ ಮುಡಿದುಕೊಂಡೇ ನಡೆದಳು. ಆ ಹೊತ್ತಿನಲ್ಲಿ ಅವಳ ಮುಖಕ್ಕಿಂತ ಗಾಜಿನೊಳಗಿದ್ದವರ ಮುಖದಲ್ಲೇ ಹೆಚ್ಚು ಕಳೆಯಿತ್ತು.

ಅಪ್ಪನನ್ನು ನೋಡಿದೆ. ಭುಜ ಕುಲುಕುತ್ತಿತ್ತು. ಪಾಪ, ಭಾವುಕರಾಗಿದ್ದಾರೆ ಎಂದುಕೊಂಡೆ. ಹತ್ತಿರದಿಂದ ನೋಡಿದರೆ, ನಗುವನ್ನು ನುಂಗಿ ನುಂಗಿ ಕಣ್ಣಲ್ಲಿ ನೀರು ತುಂಬಿ, ಕನ್ನಡಕಕ್ಕೆಲ್ಲ ಮಂಜು ಕವಿದಿತ್ತು. ದಾರ ಕಟ್ಟಿದ್ದರಿಂದ ಏನು ಬಂತು, ಎರಡನೆಯವರೂ ಮಂಜು ಮಂಜಾಗಿಯೇ ಕಳೆದುಹೋದರು. ಬಾಗಿಲಲ್ಲಿ ಬಿಕ್ಕುತ್ತಾ "ಬರ್ತೀನಿ, ಕಾಮ್ರೇಡ್" ಅಂದರು. ಅಮ್ಮನಿಗೆ ಅವತ್ತು ಜಗಳ ಆಡುವ ಶಕ್ತಿಯೂ ಇರಲಿಲ್ಲ. ಹೊರಗೆ ಬಂದು ಹೂವೆಸೆದು, ನೇರ ಹೋಟೆಲಿಗೆ ನಡೆದು ಸ್ನಾನಕ್ಕಿಳಿದಳು.

ವಿಮಾನದಲ್ಲಿ ಅಪ್ಪ ನನ್ನ ಕಡೆ ಬಗ್ಗಿ, "ಇಡೀ ಸರ್ವೀಸು ಯೂನಿಯನ್ ಕಟ್ಟಿ, ಹತ್ತು ಜನರನ್ನ ಒಂದು ಕಡೆ ಕೈ ಎತ್ತಿಸೋಕೆ ನಾಲಿಗೆ ಒಣಗಿಸ್ಕೊಂಡೆ ಕಣಮ್ಮ. ನಿಮ್ಮಮ್ಮ ನೋಡು, ಬಾಯೇ ಬಿಡದೆ ಒಂದು ಬಸ್ ಜನರನ್ನ ದಂಗೆ ಎಬ್ಬಿಸಿದಳು" ಅಂದರು.

ಹನೋಯ್‌ನವರು

ಮೂರನೆಯದಕ್ಕೆ ಹೊರಡುವ ಹೊತ್ತಿಗೆ ಅಪ್ಪ ತುಂಬಾ ಸೋತಿದ್ದರು. ಬಾತ್‌ರೂಮಿಗೆ ಹೋಗಿ ಬಂದರೂ ಕೂತು ಸುಧಾರಿಸಿಕೊಳ್ಳಬೇಕು. ಡಾಕ್ಟರು ಬೇಡ ಎಂದರು. ನಮ್ಮ ಮನೆಯವರೂ ಬೇಡ ಎಂದರು. ನನಗೂ ಧೈರ್ಯವಿರಲಿಲ್ಲ. "ಹೋಗೋಣ" ಅಂದದ್ದು ಅಮ್ಮ. "ಇಬ್ಬರಿಗೆ ಬರ್ತೀನಿ ಅಂತ ಮಾತು ಕೊಟ್ಟು ಬಂದಿದಾರೆ. ಒಬ್ಬರನ್ನಾದ್ರೂ ನೆಟ್ಟಗೆ ನೋಡಲಿ. ಆಮೇಲೆ ಎಲ್ಲಿಗೂ ಹೋಗೋ ಆಸೆ ಇಟ್ಕೊಳ್ಳಲ್ಲ."

ಹನೋಯಿಯಲ್ಲಿ ಗಾಲಿಕುರ್ಚಿಯವರನ್ನು ಕ್ಯೂನಲ್ಲಿ ಮುಂದಕ್ಕೆ ಬಿಟ್ಟರು. ಬಿಳಿ ಯೂನಿಫಾರಮ್ಮಿನ ಸಿಪಾಯಿಯೊಬ್ಬ ತಾನೇ ಬಂದು ತಳ್ಳತೊಡಗಿದ. ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತ ರೀತಿ ನೋಡಿದರೆ ಯಾವುದೋ ದೇಶದ ಪ್ರಧಾನಿ ಅನ್ನಬೇಕು. ಕೈ ಕಟ್ಟಬಾರದು, ಜೇಬಿನಲ್ಲಿ ಕೈ ಇಡಬಾರದು, ಮಾತಾಡಬಾರದು, ನಿಲ್ಲಬಾರದು ಎಂದು ಗೈಡು ಮೊದಲೇ ಹೇಳಿದ್ದ. ಈ ನಾಯಕರು ತಮ್ಮನ್ನು ಸುಟ್ಟುಬಿಡಿ ಎಂದು ಕೇಳಿಕೊಂಡಿದ್ದರೆಂದೂ ಹೇಳಿದ್ದ. ಅದನ್ನು ಕೇಳಿದಾಗಿನಿಂದ ಅಮ್ಮನಿಗೆ ಈ ಒಬ್ಬರ ಮೇಲೆ ಮಾತ್ರ ಮಮತೆ ಹುಟ್ಟಿತ್ತು. "ಪಾಪ, ಮನುಷ್ಯ ಸತ್ತ ಮೇಲೆ ಅವನ ಮಾತು ಯಾರು ಕೇಳ್ತಾರೆ" ಎಂದು ನಿಟ್ಟುಸಿರು ಬಿಟ್ಟಳು. ಅಪ್ಪ, "ನನ್ನ ಮಾತು ಕೇಳಿ ಮತ್ತೆ. ಸುಟ್ಟುಬಿಡಿ. ಮಂತ್ರಗಿಂತ್ರ ಬೇಡ" ಅಂದರು. "ಸುಮ್ನಿರ್ರಿ, ಕ್ಯೂನಲ್ಲಿ ಅದೆಲ್ಲ ಮಾತಾಡಬಾರದು" ಎಂದು ಅಮ್ಮ ಗದರಿದಳು.

ಒಳಗೆ ಹೋದೆವು. ಎ.ಸಿ.ಯ ಚಳಿ. ಮಂದ ಬೆಳಕು. ಗಾಲಿಕುರ್ಚಿ ಸರಾಗವಾಗಿ ಉರುಳುತ್ತಾ ಗಾಜಿನ ಪೆಟ್ಟಿಗೆಯ ಪಕ್ಕಕ್ಕೆ ಬಂತು. ಅಲ್ಲಿ, ಸರಿಯಾಗಿ ನಾಯಕರ ಮುಖದ ನೇರಕ್ಕೆ, ಕುರ್ಚಿ ಗಕ್ಕನೆ ನಿಂತಿತು.

ಅಮ್ಮನ ಸೀರೆಯ ಸೆರಗು ಚಕ್ರಕ್ಕೆ ಸಿಕ್ಕಿಕೊಂಡಿತ್ತು.

ಸಿಪಾಯಿ ತಳ್ಳಿದ, ಅಲುಗಲಿಲ್ಲ. ಎಳೆದ, ಅಮ್ಮ "ಅಯ್ಯೋ, ಹರಿದುಹೋಗತ್ತಪ್ಪ!" ಎಂದು ಬಾಯಿ ಬಿಟ್ಟಳು. ಇನ್ನಿಬ್ಬರು ಸಿಪಾಯಿಗಳು ಬಂದು ಮಂಡಿಯೂರಿ ಕೂತರು. ಹಿಂದಿನ ಸಾಲೆಲ್ಲ ನಿಂತಿತು. ಮೂರು ಜನ ಯೋಧರು ಸೀರೆಯ ಜರಿಯನ್ನು ಒಂದೊಂದೇ ಎಳೆಯಾಗಿ ಬಿಡಿಸುತ್ತಿದ್ದರೆ, ಅಪ್ಪ ಮಾತ್ರ ಕನ್ನಡಕ ಸರಿ ಮಾಡಿಕೊಂಡು, ಯಾವ ಅವಸರವೂ ಇಲ್ಲದೆ, ಕಣ್ತುಂಬ ನೋಡುತ್ತಿದ್ದರು. ರಾಜಾಜಿನಗರದ ಹಾಲಿನಲ್ಲಿ ಫೋಟೋ ಒರೆಸುವಾಗ ಅವರ ಮುಖ ಹೀಗೇ ಇರುತ್ತಿತ್ತು.

ಹೊರಗೆ ಬಂದ ಮೇಲೆ ನನಗೊಂದು ಅನುಮಾನ ಬಂತು. ಅಮ್ಮ ಸೆರಗಿಗೆ ಪಿನ್ನು ಹಾಕದೆ ತರಕಾರಿ ಅಂಗಡಿಗೂ ಹೋಗುವವಳಲ್ಲ. "ಪಿನ್ನು ಎಲ್ಲಮ್ಮಾ?" ಎಂದೆ. "ಬಿದ್ದುಹೋಯ್ತು ಅನ್ಸುತ್ತೆ" ಎಂದು ಅಮ್ಮ ಬೇರೆ ಕಡೆ ನೋಡಿದಳು. ಸಂಜೆ ಅವಳ ಪರ್ಸಿನಲ್ಲಿ ಕುಂಕುಮದ ಡಬ್ಬಿಯ ಪಕ್ಕ ಪಿನ್ನು ಭದ್ರವಾಗಿತ್ತು.

ಅಪ್ಪನ ಹತ್ತಿರ ಹೋಗಿ, "ಈಗಲಾದ್ರೂ ಚೆನ್ನಾಗಿ ನೋಡ್ಕೊಂಡ್ರಾ? ಸದ್ಯ, ಈ ಸಲ ಬರ್ತೀನಿ ಅನ್ನಲಿಲ್ವಲ್ಲ" ಎಂದು ಅಮ್ಮ ಹೆಮ್ಮೆಯಿಂದ ಕೇಳಿದಳು. ಅಪ್ಪ ತಲೆ ಕೆರೆದುಕೊಂಡು, "ನೀವೆಲ್ಲ ಸೆರಗು ಬಿಡಿಸೋದ್ರಲ್ಲಿ ಇದ್ರಲ್ಲ, ಆಗ ಹೇಳ್ಬಿಟ್ಟೆ" ಅಂದರು.

ಸ್ಯಾನ್ ಹೊಸೆಯವರು

ಹನೋಯಿಯ ಅಂಗಡಿಯೊಂದರಲ್ಲಿ ಅಪ್ಪ ಒಂದು ಟೀ ಶರಟು ಕೊಂಡಿದ್ದರು. ಕೆಂಪು ಬಟ್ಟೆ, ಎದೆಯ ಮೇಲೆ ಹಳದಿ ನಕ್ಷತ್ರ, ಥೇಟ್ ಅಲ್ಲಿಯ ಸರಕಾರದ ಬಾವುಟ. ಒಂದು ದಿನ ಸ್ಯಾನ್ ಹೊಸೆಗೆ ಗ್ರೋಸರಿಗೆ ಹೋದವರು, ಅಪ್ಪನಿಗೆ ಹನೋಯಿಯ ಸೂಪಿನ ನೆನಪಾಗಿ, ಮಾಂಸವಿಲ್ಲದ ನೂಡಲ್ ಸೂಪು ಮಾಡುವ ಒಂದು ವಿಯೆಟ್ನಾಮಿ ಅಂಗಡಿಗೆ ನುಗ್ಗಿದೆವು. ಜುಲೈ ತಿಂಗಳು. ಸೆಖೆ ಎಂದು ಅಪ್ಪ ಸ್ವೆಟರು ತೆಗೆದರು. ಒಳಗೆ ಆ ಟೀ ಶರಟಿದ್ದದ್ದು ನನಗೆ ಗೊತ್ತಿರಲಿಲ್ಲ.

ಅಂಗಡಿಯಲ್ಲಿ ಚಮಚದ ಸದ್ದು ನಿಂತಿತು. ಆ ಬೀದಿಯಲ್ಲಿ ಇರುವವರಲ್ಲಿ ಬಹಳ ಮಂದಿ ಅದೇ ಬಾವುಟಕ್ಕೆ ಹೆದರಿ, ಉಟ್ಟ ಬಟ್ಟೆಯಲ್ಲಿ ದೋಣಿ ಹತ್ತಿ ಬಂದವರು. "ಅಪ್ಪಾ, ಸ್ವೆಟರು ಹಾಕ್ಕೊಳ್ಳಿ" ಎಂದೆ. "ಸೆಖೆ ಕಣಮ್ಮ" ಅಂದರು.

ಅಂಗಡಿಯ ಯಜಮಾನರು ಅಪ್ಪನಷ್ಟೇ ವಯಸ್ಸಿನವರು. ನಿಧಾನವಾಗಿ ನಮ್ಮ ಟೇಬಲ್ಲಿಗೆ ಬಂದರು.

"ಇದು ಎಲ್ಲಿ ತಗೊಂಡ್ರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಹನೋಯಿಯಲ್ಲಿ. ಹೋದ ತಿಂಗಳು ಹೋಗಿದ್ವಿ" ಎಂದು ಅಪ್ಪ ಖುಷಿಯಾಗಿ ಹೇಳಿದರು.

ಅವರು ಏಪ್ರನ್ನಿಗೆ ಕೈ ಒರೆಸಿಕೊಂಡರು. "ನಾನು ಹುಟ್ಟಿದ್ದು ಅಲ್ಲೇ. ನಮ್ಮ ಮನೆಯ ಹತ್ತಿರ ಒಂದು ಕೆರೆ ಇತ್ತು. ಇದೆಯಾ?"

"ಇದೆ. ಬೆಳಿಗ್ಗೆ ಮುದುಕರೆಲ್ಲ ಬಂದು ಕೈ ಕಾಲು ಆಡಿಸ್ತಾರೆ. ದಡದಲ್ಲಿ ದೊಡ್ಡ ದೊಡ್ಡ ಮರ ಇದಾವೆ, ನೀರಿನ ತನಕ ಬಗ್ಗಿವೆ."

ಅವರು ಒಳಗೆ ಹೋದರು. ಪೊಲೀಸರಿಗೆ ಫೋನ್ ಮಾಡುತ್ತಾರೋ, ಸೌಟು ತರುತ್ತಾರೋ ಎಂದು ನಾನು ಬಾಗಿಲು ಎಷ್ಟು ದೂರವಿದೆ ಎಂದು ನೋಡುತ್ತಿದ್ದೆ. ಅವರು ತಮ್ಮದೇ ಒಂದು ನೀಲಿ ಜಾಕೆಟ್ಟು ಹಿಡಿದುಕೊಂಡು ಬಂದರು. "ಚಳಿ ಇದೆ" ಎಂದು ಅಪ್ಪನಿಗೆ ತೊಡಿಸಿ, ಕತ್ತಿನ ತನಕ ಜಿಪ್ಪು ಎಳೆದರು. ಚಮಚಗಳು ಮತ್ತೆ ಸದ್ದು ಮಾಡಿದವು. ಅಪ್ಪನಿಗೆ ಆಗ ಹೊಳೆಯಿತು. ಪೆಚ್ಚಾಗಿ ಯಜಮಾನರ ಕೈ ಹಿಡಿದುಕೊಂಡರು. ಅವರು ಎದುರಿನ ಕುರ್ಚಿ ಎಳೆದುಕೊಂಡು ಕೂತು, ಸೂಪು ಮುಗಿಯುವ ತನಕ ಆ ಕೆರೆಯ ವಿಷಯವನ್ನೇ ಕೇಳಿದರು. ಅಪ್ಪ ಜುಲೈ ಸೆಖೆಯಲ್ಲಿ, ಜಾಕೆಟ್ಟಿನೊಳಗೆ, ಬಿಸಿ ಸೂಪು ಕುಡಿಯುತ್ತಾ, ಧಾರಾಕಾರ ಬೆವರುತ್ತಾ ಉತ್ತರ ಹೇಳಿದರು. ಅಮ್ಮ, "ನಾನು ಟೋಪಿ ಹಾಕ್ಕೊಳ್ಳಿ ಅಂದ್ರೆ ಮಾತ್ರ ಕಷ್ಟ" ಅಂದಳು.

ಜಾಕೆಟ್ಟು ಇಟ್ಟುಕೊಳ್ಳಿ, ಮುಂದಿನ ಸಲ ಹಾಕಿಕೊಂಡೇ ಬನ್ನಿ ಎಂದು ಅವರು ಬಾಗಿಲ ತನಕ ಬಂದರು. ಎಲ್ಲ ಸುಸೂತ್ರವಾಗಿ ಮುಗಿಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅಪ್ಪ ಹಿಂತಿರುಗಿ, ಅಭ್ಯಾಸಬಲದಿಂದ ಮುಷ್ಟಿ ಎತ್ತಿ, ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿಬಿಟ್ಟರು: "ಬರ್ತೀನಿ, ಕಾಮ್ರೇಡ್!"

ಬರ್ತೀನಿ ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಉಳಿದದ್ದು ಎಲ್ಲರಿಗೂ ಆಯಿತು. ಯಜಮಾನರು ಒಂದು ಕ್ಷಣ ಕಲ್ಲಾಗಿ, ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. "ನನ್ನನ್ನ ಇನ್ನೇನು ಬೇಕಾದ್ರೂ ಕರೀರಿ, ಅದೊಂದು ಬೇಡ" ಅಂದರು.

ನಮ್ಮವರು

ಹೋದ ಚಳಿಗಾಲದಲ್ಲಿ ಅಪ್ಪ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅಮ್ಮ ಕಾಫಿ ಲೋಟ ಹಿಡಿದುಕೊಂಡು ಎಬ್ಬಿಸಲು ಹೋಗಿದ್ದಳು. ಮಲಗಿದ ಹಾಗೇ ಇದ್ದರು. ಅಲ್ಲಾಡಿಸಿದರೆ ಎದ್ದು ಕೂರುತ್ತಾರೆ ಅನ್ನಿಸುತ್ತಿತ್ತು. ಕೂರಲಿಲ್ಲ.

ಈ ದೇಶದಲ್ಲಿ ಎಲ್ಲಕ್ಕೂ ಅಪಾಯಿಂಟ್‌ಮೆಂಟು, ಸುಡುವುದಕ್ಕೂ. ನೆಂಟರು ಬಂದು ಸೇರಬೇಕಿತ್ತು, ಫ್ಯೂನರಲ್ ಹೋಮಿನಲ್ಲಿ ಸರದಿಯೂ ಸಿಗಬೇಕಿತ್ತು. ಅಲ್ಲಿಯ ಮ್ಯಾನೇಜರು ಕರಿ ಸೂಟು ಹಾಕಿಕೊಂಡು, ಬಹಳ ಮೆತ್ತಗಿನ ದನಿಯಲ್ಲಿ, ಅಷ್ಟು ದಿನ ದೇಹ ಕೆಡದ ಹಾಗೆ ಔಷಧಿ ಹಾಕಬೇಕೇ ಎಂದು ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಅಮ್ಮ ಕಣ್ಣೊರೆಸಿಕೊಂಡು, "ಎಷ್ಟು ವರ್ಷ ಇರುತ್ತಂತೆ?" ಎಂದಳು. ಅಷ್ಟು ಹೊತ್ತು ಅಳು ತಡೆದುಕೊಂಡಿದ್ದ ನನಗೆ ಅಲ್ಲಿ ನಗು ತಡೆಯಲಾಗಲಿಲ್ಲ. ಮ್ಯಾನೇಜರು ಟಿಶ್ಯೂ ಡಬ್ಬಿ ಮುಂದಕ್ಕೆ ತಳ್ಳಿದರು.

ಸೂಟು ಕೊಡಿ ಎಂದರು. ಅಪ್ಪನ ಹತ್ತಿರ ಸೂಟೆಲ್ಲಿತ್ತು? ಅಮ್ಮ ಆ ನೀಲಿ ಜಾಕೆಟ್ಟು ಕೊಟ್ಟಳು. ಸರದಿ ಬಂದ ದಿನ ಹೋಗಿ ನೋಡಿದರೆ, ಮಂದ ಬೆಳಕು, ಎ.ಸಿ.ಯ ಚಳಿ, ಪಾಲಿಶ್ ಹಾಕಿದ ಪೆಟ್ಟಿಗೆ. ಅದರಲ್ಲಿ ಕೆನ್ನೆಗೆ ಬಣ್ಣ ಹಚ್ಚಿಸಿಕೊಂಡು ಅಪ್ಪ ಮಲಗಿದ್ದರು. ಅಮ್ಮ ನನ್ನ ಕಿವಿಯಲ್ಲಿ, "ಕೊನೆಗೂ ಇವರನ್ನೂ ಅವರ ಸಾಲಿಗೆ ಸೇರಿಸಿಬಿಟ್ಟರಲ್ಲೇ" ಅಂದಳು.

ಅಪ್ಪ ಹೇಳಿದ್ದಂತೆ ಮಂತ್ರವಿಲ್ಲ. ಪುರೋಹಿತರಿಲ್ಲ. ಬಂದವರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಜೇಬಿಗೆ ಕೈ ಹಾಕಿಕೊಂಡು, ಕೈ ಕಟ್ಟಿಕೊಂಡು, ಟ್ರಾಫಿಕ್ಕಿನ ವಿಷಯ ಮಾತಾಡಿಕೊಂಡು ನಿಂತಿದ್ದರು. ಅಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದು ಹೋಗಿ ಪೆಟ್ಟಿಗೆಯ ತಲೆಯ ಹತ್ತಿರ ನೆಟ್ಟಗೆ ನಿಂತಳು.

"ಎಲ್ಲ ಇಬ್ಬಿಬ್ಬರಾಗಿ ಸಾಲಾಗಿ ಬನ್ನಿ. ಜೇಬಿಂದ ಕೈ ತೆಗೀರಿ. ಟೋಪಿ ತೆಗಿಯಪ್ಪ. ಮಾತಾಡಬೇಡಿ. ನಿಲ್ಲಬೇಡಿ, ನಡೀತಾನೇ ನೋಡ್ಬೇಕು!"

ಆಯ್ತು ಅನ್ನದೆ ಬೇರೆ ದಾರಿಯಿರಲಿಲ್ಲ. ಕನ್ನಡ ಕೂಟದ ದೊಡ್ಡ ದೊಡ್ಡ ಮ್ಯಾನೇಜರುಗಳು, ಡಾಕ್ಟರುಗಳು ಕೈ ಇಳಿಬಿಟ್ಟುಕೊಂಡು, ಉಸಿರು ಬಿಗಿಹಿಡಿದು, ಮೂರು ಬದಿ ಸುತ್ತಿ ಹೋದರು. ಬೀಜಿಂಗಿನ ಗೆಳತಿ ಬಂದಿದ್ದಳು, ಸೇವಂತಿಗೆ ತಂದಿದ್ದಳು. ಸೂಪಂಗಡಿಯ ಯಜಮಾನರೂ ಸ್ಯಾನ್ ಹೊಸೆಯಿಂದ ಬಂದಿದ್ದರು. ತಮ್ಮ ಜಾಕೆಟ್ಟು ಗುರುತು ಹಿಡಿದು, ಅಪ್ಪನ ಕತ್ತಿನ ಹತ್ತಿರ ಜಿಪ್ಪು ಒಂದಿಷ್ಟು ಮೇಲಕ್ಕೆ ಎಳೆಯಲು ನಿಂತರು. ಅಮ್ಮ ಅವರೊಬ್ಬರಿಗೆ ಮಾತ್ರ ಮುಂದೆ ಹೋಗಿ ಅನ್ನಲಿಲ್ಲ.

ಎಲ್ಲರೂ ಹೋದ ಮೇಲೆ ಅಮ್ಮ ಬ್ಯಾಗಿನಿಂದ ಕನ್ನಡಕ ತೆಗೆದು ಅಪ್ಪನಿಗೆ ಹಾಕಿದಳು. ಅದರ ಮೇಲೆ ಕಾಫಿ ಬಣ್ಣದ ಮಂಕಿ ಕ್ಯಾಪನ್ನು, ಕನ್ನಡಕ ಅಲುಗದ ಹಾಗೆ, ಮೆಲ್ಲಗೆ ಇಳಿಸಿದಳು. ಆಮೇಲೆ ನಿಂತೇ ಇದ್ದಳು. ಕರಿ ಸೂಟಿನ ಮ್ಯಾನೇಜರು ಗಡಿಯಾರ ನೋಡಿಕೊಂಡು ನನ್ನ ಮುಖ ನೋಡಿದರು. ನಡೀತಾ ಇರಿ ಎಂದು ಅಮ್ಮನಿಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಕೊನೆಗೆ ತಾನೇ ಬಾಗಿಲ ತನಕ ಬಂದಳು. ಅಲ್ಲಿ ಹಿಂತಿರುಗಿ, "ಬರ್ತೀನ್ರೀ" ಅಂದಳು.

ನಾನು ಅವಳ ತೋಳು ಹಿಡಿದುಕೊಂಡೆ. "ಅಮ್ಮಾ! ಸಾವಿನ ಮನೇಲಿ ಹಾಗನ್ನಬಾರದು ಅಂತ ನೀನೇ..."

"ಗೊತ್ತು ಕಣೇ" ಅಂದಳು ಅಮ್ಮ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ. "ಈ ಮಹಾರಾಯರು ಮೂರೂರಲ್ಲಿ ಬರ್ತೀನಿ, ಬರ್ತೀನಿ ಅಂತ ಹೇಳಿ ಬಂದಿದಾರೆ. ಈಗ ಅಲ್ಲಿಗೇ ಹೋಗಿರ್ತಾರೆ. ನಾನು ಹೋಗದಿದ್ರೆ ವಾಪಸ್ ಕರ್ಕೊಂಡು ಬರೋರು ಯಾರು?"

ನಾನು ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟೆ. ಅಮ್ಮ ನನ್ನ ಬೆನ್ನು ಸವರಿದಳು.

"ಅಳಬೇಡ, ಈಗಲೇ ಏನೂ ಹೊರಟಿಲ್ಲ. ಹೋದ್ರೂ ಸೋಮವಾರ ಮಾತ್ರ ಹೋಗಲ್ಲಮ್ಮ. ಬಾಗಿಲು ಹಾಕಿರ್ತಾರೆ."